ಔಷಧದ ಬೀರು ಮತ್ತು ಅದರ ಬೀಗದಕೈ

(ಬಾನುಲಿ ಭಾಷಣ)

ಕನ್ನಡದಲ್ಲಿ ಮದ್ದು ಎಂಬ ಮಾತಿಗೆ ಮೂರು ಅರ್ಥಗಳಿವೆ. ರೋಗವನ್ನು ವಾಸಿಮಾಡುವುದು ಮದ್ದು. ಬಂದೂಕಿಗೆ ತುಂಬುವುದೂ ಮದ್ದು. ಉಣ್ಣುವವನಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿ ಒಳಗೆ ಸೇರಿಸುವುದೂ ಮದ್ದೇ. ಅದನ್ನು ನಮ್ಮ ಹಳ್ಳಿಗಳಲ್ಲಿ ಇಡುಮದ್ದು ಎನ್ನುತ್ತಾರೆ. ಕಾಯುವ ವಸ್ತುವಿಗೂ ಕೊಲ್ಲುವ ವಸ್ತುವಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ವಸ್ತುವಿನ ಗುಣಕ್ಕಿಂತ ಅದನ್ನು ಹಿಡಿದ ಕೈಯ ಗುಣವನ್ನೇ ಹೆಚ್ಚಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ.

೧೮೦೯ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಸೈನ್ಯ ಬೀಡುಬಿಟ್ಟಿತು. ಜನ ಆ ಪ್ರದೇಶವನ್ನು ದಂಡು ಎಂದು ಕರೆದರು. ಸೈನ್ಯವಿದ್ದ ಕಡೆ ಮದ್ದಿನ ಮನೆ ಇರಲೇಬೇಕಷ್ಟೆ. ಮದ್ದಿನ ಮನೆಗೆ ಒಂದು ಬೀಗ, ಬೀಗಕ್ಕೆ ಒಬ್ಬ ಕಾವಲುಗಾರ, ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಒಂದು ಲೆಕ್ಕದ ಪುಸ್ತಕ. ಇಂದು ಅದೇ ದಂಡಿನ ಸುತ್ತಮುತ್ತ, ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ, ಬೇರೊಂದು ಬಗೆಯ ಮದ್ದಿನ ಮನೆಗಳು ಎದ್ದಿವೆ. ವೃದ್ಧಾಶ್ರಮಗಳ, ಪಾಲನಾಗೃಹಗಳ ಮೂಲೆಯಲ್ಲಿರುವ ಔಷಧದ ಬೀರುಗಳನ್ನು ಕುರಿತು ನಾನು ಈ ಮಾತನ್ನು ಹೇಳುತ್ತಿದ್ದೇನೆ. ಅವುಗಳಿಗೆ ಬೀಗವಿದೆಯೆ? ಬೀಗದಕೈ ಯಾರ ಬಳಿ ಇದೆ? ಲೆಕ್ಕದ ಪುಸ್ತಕ ಎಲ್ಲಿದೆ? ಇವು ಗೃಹಕೃತ್ಯದ ಸಣ್ಣ ಪ್ರಶ್ನೆಗಳೆಂದು ತೋರಬಹುದು. ಆದರೆ ಇವು ಕಾನೂನಿನ ಪ್ರಶ್ನೆಗಳು. ಒಮ್ಮೊಮ್ಮೆ ಜೀವನ್ಮರಣದ ಪ್ರಶ್ನೆಗಳು.

ಈ ಭಾಗಕ್ಕೆ ವೃದ್ಧರ ಪಾಲನೆ ಹೊಸದೇನೂ ಅಲ್ಲ. ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸಂನ್ಯಾಸಿನಿಯರ ಸಂಘ ೧೯೦೦ರಿಂದಲೂ ದಿಕ್ಕಿಲ್ಲದ ಮುದುಕರನ್ನೂ ಮುದುಕಿಯರನ್ನೂ ಸಾಕುತ್ತ ಬಂದಿದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟು ಮಾರತಹಳ್ಳಿಯ ಬಳಿ ೧೯೯೯ರಲ್ಲಿ ಕರುಣಾಶ್ರಯವನ್ನು ತೆರೆಯಿತು. ವಾಸಿಯಾಗುವ ಹಂತವನ್ನು ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಅಲ್ಲಿ ಆರೈಕೆ ಮಾಡುತ್ತಾರೆ. ಮರೆವಿನ ರೋಗದ ವೃದ್ಧರಿಗೆಂದೇ ನೈಟಿಂಗೇಲ್ಸ್ ಸಂಸ್ಥೆ ೨೦೧೦ರಲ್ಲಿ ಕಸ್ತೂರಿನಗರದಲ್ಲಿ ಒಂದು ಕೇಂದ್ರವನ್ನು ತೆರೆಯಿತು. ಇವು ಹೆಸರಾದ ಸಂಸ್ಥೆಗಳು. ಇವಲ್ಲದೆ ಇಂದಿರಾನಗರ, ಬಾಣಸವಾಡಿ, ರಾಮಮೂರ್ತಿನಗರಗಳ ಅಡ್ಡರಸ್ತೆಗಳಲ್ಲಿ ಸಂಸಾರವಂದಿಗರು ವಾಸಿಸುತ್ತಿದ್ದ ಮನೆಗಳೇ ಈಗ ಹತ್ತು ಹನ್ನೆರಡು ವೃದ್ಧರ ಪಾಲನಾಗೃಹಗಳಾಗಿ ಮಾರ್ಪಟ್ಟಿವೆ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಎಚ್.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ತಲೆಮಾರು ಈ ಭಾಗದಲ್ಲಿ ಮನೆ ಕಟ್ಟಿತು. ಅವರ ಮಕ್ಕಳು ಸಮುದ್ರ ದಾಟಿದರು. ಮನೆಗಳು ಉಳಿದವು, ನೋಡಿಕೊಳ್ಳುವವರು ಉಳಿಯಲಿಲ್ಲ.

ನಾನು ವೃತ್ತಿಯಿಂದ ವಕೀಲ. ಆದರೂ ಈ ವಿಷಯವನ್ನು ನಾನು ಕಲಿತದ್ದು ನ್ಯಾಯಾಲಯದಲ್ಲಲ್ಲ. ನನ್ನ ಸೋದರತ್ತೆಯವರು ಅಂಥದೊಂದು ಮನೆಯಲ್ಲಿ ವಾಸವಾಗಿದ್ದಾರೆ. ಅತ್ತೆಯ ಯಜಮಾನರು ದೂರವಾಣಿನಗರದ ಕಾರ್ಖಾನೆಯಲ್ಲಿದ್ದವರು, ಈಗಿಲ್ಲ. ಮಗ ಹೊರದೇಶದಲ್ಲಿದ್ದಾನೆ. ಆದ್ದರಿಂದ ಅವರನ್ನು ಅಲ್ಲಿಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಗತಾನೆ ಅವರು ಆಸ್ಪತ್ರೆಯಿಂದ ಬಂದಿದ್ದರು. ಆಸ್ಪತ್ರೆಯವರು ಬರೆದುಕೊಟ್ಟ ಹೊಸ ಚೀಟಿಯನ್ನೂ ಅದರಂತೆ ಕೊಂಡ ಮಾತ್ರೆಗಳನ್ನೂ ಪಾಲನಾಗೃಹದವರಿಗೆ ಒಪ್ಪಿಸಿದೆ. ಅದರ ಜೊತೆಗೆ ಮನೆಯ ಕಪಾಟಿನಲ್ಲಿದ್ದ ಹಳೆಯ ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಅದನ್ನೂ ಕೊಟ್ಟೆ. ಹಾಳಾಗುವುದೇಕೆ ಎಂಬುದು ನನ್ನ ಲೆಕ್ಕಾಚಾರ. ಅವರು ಮುಂದೆ ಚಾಚಿದ ಪ್ರವೇಶಪತ್ರಕ್ಕೆ, ಕಕ್ಷಿಗಾರರಿಗೆ ದಿನವೂ ಬೇಡವೆಂದು ಹೇಳುವ ಕೆಲಸವನ್ನೇ ಮಾಡಿ, ಓದದೆ ಸಹಿ ಹಾಕಿದೆ.

ಮೂರು ವಾರ ಕಳೆಯಿತು. ಅತ್ತೆ ಹಗಲೆಲ್ಲ ತೂಕಡಿಸುತ್ತಾರೆ, ಎದ್ದರೆ ತಲೆ ತಿರುಗುತ್ತದೆ ಎನ್ನುತ್ತಾರೆ ಎಂದು ಸುದ್ದಿ ಬಂತು. ವಯಸ್ಸಾಯಿತಲ್ಲ ಎಂದುಕೊಂಡೆ. ನಾಲ್ಕನೆಯ ವಾರ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯ ವೈದ್ಯರು, ಏನೇನು ಮಾತ್ರೆ ಕೊಡುತ್ತಿದ್ದೀರಿ, ಎಲ್ಲವನ್ನೂ ತನ್ನಿ ಎಂದರು. ತಂದು ಮೇಜಿನ ಮೇಲೆ ಹರಡಿದಾಗ ಸಂಗತಿ ಬಯಲಾಯಿತು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಎಂಬ ಒಂದೇ ಔಷಧ ಎರಡು ಕಂಪನಿಗಳ ಎರಡು ಹೆಸರುಗಳಲ್ಲಿ ಅಲ್ಲಿತ್ತು. ಒಂದು ಹೊಸ ಚೀಟಿಯದು, ಇನ್ನೊಂದು ನನ್ನ ಪ್ಲಾಸ್ಟಿಕ್ ಚೀಲದ್ದು. ಹೆಸರು ಬೇರೆಯಾದ್ದರಿಂದ ಎರಡನ್ನೂ ಕೊಡುತ್ತಿದ್ದರು. ಅದರ ಪಕ್ಕದಲ್ಲಿ ಯಾವ ಚೀಟಿಯಲ್ಲಿಯೂ ಇಲ್ಲದ ಒಂದು ನಿದ್ರೆಯ ಮಾತ್ರೆ ಇತ್ತು. ಇದನ್ನು ಯಾರು ಕೊಡಹೇಳಿದರು ಎಂದು ರಾತ್ರಿಯ ಪಾಳಿಯ ಹುಡುಗಿಯನ್ನು ಕೇಳಿದೆ. ಅವಳು ಅಸ್ಸಾಮಿನಿಂದ ಬಂದವಳು, ಇಪ್ಪತ್ತು ತುಂಬಿರಲಾರದು. ಅವಳು ಸುಳ್ಳು ಹೇಳಲಿಲ್ಲ. ರಾತ್ರಿ ಕೂಗಾಡುವವರಿಗೆಲ್ಲ ಅದನ್ನೇ ಕೊಡುವುದು ಸಾರ್, ಮೊದಲಿನಿಂದಲೂ ಹಾಗೇ ಎಂದಳು.

ಯಾರನ್ನು ದೂರುವುದು? ಆ ಹುಡುಗಿಯನ್ನೆ? ಮನೆಯ ಒಡೆಯರನ್ನೆ? ಚೀಟಿ ಬರೆದ ವೈದ್ಯರನ್ನೆ? ಚೀಲ ಕೊಟ್ಟ ನನ್ನನ್ನೆ? ಈ ಪ್ರಶ್ನೆಯನ್ನು ಹಿಡಿದು ನಾನು ಕಾಯಿದೆಯ ಪುಸ್ತಕಗಳನ್ನು ಮತ್ತೆ ತೆರೆದೆ. ಅಲ್ಲಿ ಕಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. ವೃದ್ಧಾಶ್ರಮದಲ್ಲಿ ಔಷಧವನ್ನು ಹೇಗಿಡಬೇಕು, ಹೇಗೆ ಕೊಡಬೇಕು ಎಂಬುದನ್ನಷ್ಟೇ ಹೇಳುವ ಒಂಟಿ ಕಾಯಿದೆಯನ್ನು ಹುಡುಕುತ್ತ ಹೋದರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹಾಗೆಂದು ಆ ಬೀರು ಕಾನೂನಿನ ಹೊರಗಿದೆಯೆಂದಲ್ಲ. ಐದಾರು ಕಾಯಿದೆಗಳು ಬೇರೆ ಬೇರೆ ದಾರಿಗಳಿಂದ ಬಂದು ಅದರ ಮುಂದೆ ಕೂಡುತ್ತವೆ. ಒಂದು ಮಾತ್ರೆ ಅಂಗಡಿಯಿಂದ ಹೊರಟು ವೃದ್ಧರ ನಾಲಗೆಯನ್ನು ಮುಟ್ಟುವವರೆಗೆ ಅದರ ಹಿಂದೆಯೇ ನಡೆದರೆ ಅವೆಲ್ಲವನ್ನೂ ಕಾಣಬಹುದು.

ಮೊದಲನೆಯ ಮೆಟ್ಟಿಲು ವೈದ್ಯರ ಚೀಟಿ. ೧೯೪೦ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯೂ ೧೯೪೫ರ ನಿಯಮಗಳೂ ಔಷಧಗಳನ್ನು ಅನುಸೂಚಿಗಳಾಗಿ ವಿಂಗಡಿಸಿವೆ. ಎಚ್ ಅನುಸೂಚಿಯ ಔಷಧವನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ೨೦೧೪ರ ಮಾರ್ಚಿಯಿಂದ ಎಚ್-೧ ಎಂಬ ಇನ್ನೂ ಬಿಗಿಯಾದ ಅನುಸೂಚಿ ಜಾರಿಯಲ್ಲಿದೆ. ಕೆಂಪು ಚೌಕಟ್ಟಿನ ಎಚ್ಚರಿಕೆಯಿಂದ ಅದನ್ನು ಗುರುತಿಸಬಹುದು. ಅದನ್ನು ಮಾರುವ ಅಂಗಡಿಯವನು ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆಲ್ಪ್ರಜೋಲಾಂ, ಡಯಾಜಿಪಾಂ, ಜೋಲ್ಪಿಡಮ್ ಎಂಬ ನಿದ್ರೆಯ ಹಾಗೂ ಶಮನದ ಮಾತ್ರೆಗಳು ಈ ಪಟ್ಟಿಯಲ್ಲಿವೆ. ಎಕ್ಸ್ ಅನುಸೂಚಿಯ ಔಷಧಗಳಿಗಂತೂ ಚೀಟಿಯ ಎರಡು ಪ್ರತಿ ಬೇಕು; ಒಂದನ್ನು ಅಂಗಡಿಯವನು ಎರಡು ವರ್ಷ ಇಟ್ಟುಕೊಳ್ಳಬೇಕು; ಔಷಧವನ್ನು ಬೀಗದೊಳಗೆ ಇಡಬೇಕು. ಹೀಗಿರುವಾಗ ‘ಕೂಗಾಡುವವರಿಗೆಲ್ಲ’ ಕೊಡುವ ನಿದ್ರೆಯ ಮಾತ್ರೆ ಕಾನೂನಿನ ದಾರಿಯಲ್ಲಿ ಆ ಬೀರುವಿಗೆ ಬಂದಿರುವುದು ಹೇಗೆ ಸಾಧ್ಯ? ಚೀಟಿ ಎಂದರೆ ಒಬ್ಬ ವೈದ್ಯರು ಒಬ್ಬ ರೋಗಿಗೆ ಬರೆದ ಮಾತು. ಪಕ್ಕದ ಹಾಸಿಗೆಯವರಿಗೆ ಅದು ಸಲ್ಲುವುದಿಲ್ಲ.

ಎರಡನೆಯ ಮೆಟ್ಟಿಲು ದಾಸ್ತಾನು. ವೃದ್ಧರ ಔಷಧ ವೃದ್ಧರ ಸ್ವತ್ತು. ಪಾಲನಾಗೃಹ ಅದನ್ನು ಅವರ ಪರವಾಗಿ ಇಟ್ಟುಕೊಂಡಿರುತ್ತದೆ, ಅಷ್ಟೆ. ಅದರ ಬದಲು ಮನೆಯವರೇ ಸಗಟಾಗಿ ಕೊಂಡು, ಒಂದೇ ಡಬ್ಬಿಯಲ್ಲಿ ತುಂಬಿ, ಬೇಕಾದವರಿಗೆ ಎಣಿಸಿಕೊಟ್ಟು ತಿಂಗಳ ಬಿಲ್ಲಿಗೆ ಸೇರಿಸತೊಡಗಿದರೆ ಆ ವ್ಯವಹಾರ ಮಾರಾಟದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಪರವಾನಗಿ ಇಲ್ಲದೆ ಔಷಧ ಮಾರುವವನಿಗೆ ಅದೇ ೧೯೪೦ರ ಕಾಯಿದೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯನ್ನು ವಿಧಿಸುತ್ತದೆ. ಚೀಟಿಯನ್ನು ನೋಡಿ ಔಷಧವನ್ನು ಸಿದ್ಧಗೊಳಿಸಿ ಕೊಡುವ ಕೆಲಸವನ್ನು ೧೯೪೮ರ ಫಾರ್ಮಸಿ ಕಾಯಿದೆ ನೋಂದಾಯಿತ ಫಾರ್ಮಸಿಸ್ಟರಿಗೇ ಮೀಸಲಿಟ್ಟಿದೆ. ತಮ್ಮ ರೋಗಿಗಳಿಗೆ ತಾವೇ ಕೊಡುವ ವೈದ್ಯರಿಗೆ ಮಾತ್ರ ವಿನಾಯಿತಿ. ಇನ್ನು ಪಾಲನೆಯ ಜೊತೆಗೆ ಚಿಕಿತ್ಸೆಯನ್ನೂ ಸಾರ್ವಜನಿಕರಿಗೆ ಒದಗಿಸುವ ಮನೆ, ಹೆಸರು ಏನೇ ಇರಲಿ, ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿ ಮಾಡಿಸಬೇಕಾಗುತ್ತದೆ. ಬಾಗಿಲಿನ ಫಲಕದ ಮೇಲೆ ಆಶ್ರಮವೆಂದು ಬರೆಸಿದ ಮಾತ್ರಕ್ಕೆ ಒಳಗೆ ನಡೆಯುವ ಕೆಲಸದ ಸ್ವರೂಪ ಬದಲಾಗುವುದಿಲ್ಲ.

ಮೂರನೆಯದು ಬೀಗ. ಇಲ್ಲಿ ನಮ್ಮ ದೇಶ ಒಂದು ಪಾಠವನ್ನು ಕಷ್ಟಪಟ್ಟು ಕಲಿತಿದೆ. ೧೯೮೫ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂತು. ಕಳ್ಳಸಾಗಣೆಯನ್ನು ತಡೆಯುವುದು ಅದರ ಉದ್ದೇಶ. ಅದು ಒಳ್ಳೆಯ ಉದ್ದೇಶವೇ. ಆದರೆ ಕ್ಯಾನ್ಸರ್ ರೋಗಿಯ ನೋವನ್ನು ತಗ್ಗಿಸುವ ಮಾರ್ಫೀನ್ ಕೂಡ ಅದೇ ಬೀಗದೊಳಗೆ ಸಿಕ್ಕಿಬಿತ್ತು. ಹಲವು ಪರವಾನಗಿಗಳು, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ತಪ್ಪಿದರೆ ಘೋರ ಶಿಕ್ಷೆಯ ಭಯದಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಅದರ ವೈದ್ಯಕೀಯ ಬಳಕೆ ತೀರ ಕುಸಿಯಿತು. ಜನ ನೋವಿನಲ್ಲಿ ನರಳಿ ಸತ್ತರು. ಕೊನೆಗೆ ೨೦೧೪ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಮಾರ್ಫೀನ್, ಫೆಂಟನಿಲ್ ಮೊದಲಾದವು ಅಗತ್ಯ ಮಾದಕ ಔಷಧಗಳೆನಿಸಿದವು. ೨೦೧೫ರ ನಿಯಮಗಳಿಂದ ಇಡೀ ದೇಶಕ್ಕೆ ಒಂದೇ ಪದ್ಧತಿ ಬಂದು, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯನ್ನು ಪಡೆದ ಸಂಸ್ಥೆ ಅವನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡಬಹುದೆಂದಾಯಿತು. ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ ಬಿಡುವಂತಿಲ್ಲ.

ಬೀಗಕ್ಕೆ ಎರಡು ಧರ್ಮಗಳಿವೆ ಎಂಬುದೇ ಆ ಪಾಠ. ತಕ್ಕದಲ್ಲದ ಕೈಗೆ ಮುಚ್ಚಿರುವುದು ಒಂದು. ತಕ್ಕ ಕೈಗೆ ತೆರೆಯುವುದು ಇನ್ನೊಂದು. ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡು ಮೇಲ್ವಿಚಾರಕರು ಸಂಜೆ ಮನೆಗೆ ಹೋದರೆ, ನಡುರಾತ್ರಿ ನೋವೆದ್ದ ವೃದ್ಧೆ ಬೆಳಗಿನವರೆಗೆ ಹಲ್ಲುಕಚ್ಚಿ ಮಲಗಿರಬೇಕೆ? ಬೀಗ ಹಾಕದಿದ್ದ ತಪ್ಪಿಗಿಂತ ಈ ತಪ್ಪು ಸಣ್ಣದೇನಲ್ಲ. ಆದ್ದರಿಂದ ಪ್ರತಿಯೊಂದು ಪಾಳಿಯಲ್ಲಿಯೂ ಬೀಗದಕೈ ಗೊತ್ತಾದ ಒಬ್ಬರ ಬಳಿ ಇರಬೇಕು. ಪಾಳಿ ಬದಲಾದಾಗ ಎಣಿಸಿ, ಬರೆದು, ಇಬ್ಬರೂ ಸಹಿ ಹಾಕಿ ಕೈಯಿಂದ ಕೈಗೆ ಒಪ್ಪಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅದು ಕೊಡುವ ಕೈ. ಸರಿಯಾದ ವ್ಯಕ್ತಿಗೆ, ಸರಿಯಾದ ಔಷಧವನ್ನು, ಸರಿಯಾದ ಪ್ರಮಾಣದಲ್ಲಿ, ಸರಿಯಾದ ವೇಳೆಗೆ, ಸರಿಯಾದ ದಾರಿಯಿಂದ ಕೊಡಬೇಕೆಂದು ದಾದಿಯರಿಗೆ ಮೊದಲ ವರ್ಷದಲ್ಲಿಯೇ ಕಲಿಸುತ್ತಾರೆ. ಕಲಿಯದವರ ಕೈಯಲ್ಲಿ ಏನಾಗುತ್ತದೆ? ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡಬೇಕಾದ ಮೆಥೊಟ್ರೆಕ್ಸೇಟನ್ನು ದಿನವೂ ಕೊಟ್ಟರೆ ಪ್ರಾಣಕ್ಕೇ ಎರವಾಗಬಹುದು. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಯನ್ನು, ನುಂಗಲಾರರೆಂದು ಕುಟ್ಟಿ ಪುಡಿಮಾಡಿ ಕೊಟ್ಟರೆ ಇಡೀ ದಿನದ ಮದ್ದು ಒಂದೇ ಗಳಿಗೆಯಲ್ಲಿ ರಕ್ತಕ್ಕೆ ಸೇರುತ್ತದೆ. ಇನ್ನೂ ತೆರೆಯದ ಇನ್ಸುಲಿನ್ ಸೀಸೆಯನ್ನು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಡಬೇಕು. ಮಂಜುಗಟ್ಟುವ ಖಾನೆಯಲ್ಲಿಟ್ಟರೆ ಅದು ಕೆಟ್ಟಿತು. ಕಂಪವಾತದ ಮಾತ್ರೆ ಅರ್ಧ ಗಂಟೆ ತಡವಾದರೂ ರೋಗಿಯ ಕೈಕಾಲು ಮರಗಟ್ಟಬಹುದು.

ತಪ್ಪಾದರೆ ಹೊಣೆ ಯಾರದು? ಇದಕ್ಕೆ ಸುಪ್ರೀಂ ಕೋರ್ಟು ೧೯೯೮ರಲ್ಲಿ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿದೆ. ವಿಷಮಶೀತ ಜ್ವರದ ಚಿಕಿತ್ಸೆಗೆ ಸೇರಿದ್ದ ಮಗುವೊಂದಕ್ಕೆ ಅರ್ಹತೆಯಿಲ್ಲದ ದಾದಿಯೊಬ್ಬಳು ವೈದ್ಯರು ಹೇಳಿದ್ದಲ್ಲದ ಚುಚ್ಚುಮದ್ದನ್ನು ಕೊಟ್ಟಳು. ಮಗುವಿನ ಹೃದಯ ಸ್ತಂಭಿಸಿತು; ಜೀವ ಉಳಿದರೂ ಮೆದುಳಿಗೆ ಮತ್ತೆ ಸರಿಯಾಗದ ಪೆಟ್ಟು ಬಿತ್ತು. ತಪ್ಪು ದಾದಿಯದೆಂದು ಆಸ್ಪತ್ರೆ ಕೈತೊಳೆದುಕೊಳ್ಳುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆತಾಯಿಯರಿಗೆ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ಅರ್ಹತೆಯಿಲ್ಲದವರನ್ನು ಕಡಿಮೆ ಸಂಬಳಕ್ಕೆ ನೇಮಿಸಿಕೊಂಡು ಅವರ ಕೈಗೆ ಸೂಜಿ ಕೊಟ್ಟವರು, ಸೂಜಿ ಚುಚ್ಚಿದವರಷ್ಟೇ ಹೊಣೆಗಾರರು. ಹಣ ಪಡೆದು ಸೇವೆ ಮಾಡುವ ಪಾಲನಾಗೃಹಕ್ಕೂ ಈ ತತ್ತ್ವ ಅನ್ವಯಿಸಬಾರದೆನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಅಂಥ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ನ್ಯಾಯಾಲಯದ ಬಾಗಿಲು ತೆರೆದಿದೆ.

ಪರಿಹಾರದ ಹಣದೊಂದಿಗೇ ಮಾತು ಮುಗಿಯುವುದಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಂ ನಿರ್ಲಕ್ಷ್ಯದಿಂದ ಸಾವು ತಂದವರನ್ನೂ, ೧೨೫ನೆಯ ಕಲಂ ದುಡುಕಿನಿಂದ ಇಲ್ಲವೇ ನಿರ್ಲಕ್ಷ್ಯದಿಂದ ಇನ್ನೊಬ್ಬರ ಪ್ರಾಣವನ್ನು ಅಪಾಯಕ್ಕೆ ಒಡ್ಡಿದವರನ್ನೂ ಶಿಕ್ಷಿಸುತ್ತದೆ. ಅದೇ ಸಂಹಿತೆಯ ೩೫೭ನೆಯ ಕಲಮನ್ನು ನಾವು ವಕೀಲರು ಕೂಡ ಹೆಚ್ಚಾಗಿ ತೆರೆದು ನೋಡುವುದಿಲ್ಲ. ಹಳೆಯ ದಂಡಸಂಹಿತೆಯಲ್ಲಿ ಅದು ೪೯೧ನೆಯದಾಗಿತ್ತು. ಎಂದರೆ ೧೮೬೦ರಿಂದಲೂ ನಮ್ಮ ಕಾನೂನಿನಲ್ಲಿದೆ. ಎಳೆತನದಿಂದಲೋ ಚಿತ್ತದ ಅಸ್ವಸ್ಥತೆಯಿಂದಲೋ ರೋಗದಿಂದಲೋ ದೇಹದ ದುರ್ಬಲತೆಯಿಂದಲೋ ತನ್ನನ್ನು ತಾನು ನೋಡಿಕೊಳ್ಳಲಾರದವನ ಆರೈಕೆಗೆ ಒಪ್ಪಂದದಿಂದ ಕಟ್ಟುಬಿದ್ದವನು ಬೇಕೆಂದೇ ಅದನ್ನು ಕೈಬಿಟ್ಟರೆ ಅದು ಅಪರಾಧವೆಂದು ಈ ಕಲಂ ಸಾರುತ್ತದೆ. ಮೂರು ತಿಂಗಳ ಸಜೆ ಅಥವಾ ಐದು ಸಾವಿರ ರೂಪಾಯಿಗಳ ದಂಡ ಅಥವಾ ಎರಡೂ. ಶಿಕ್ಷೆ ಸಣ್ಣದೆನ್ನಬಹುದು. ಆದರೆ ನಾನು ಓದದೆ ಸಹಿ ಹಾಕಿದ ಆ ಪ್ರವೇಶಪತ್ರ ಬರಿಯ ಕಾಗದವಲ್ಲ, ಕಾನೂನಿನ ಕಣ್ಣಿನಲ್ಲಿ ಅದೊಂದು ವಚನ ಎಂಬುದು ಈ ಕಲಮಿನಿಂದ ನನಗೆ ಹೊಳೆಯಿತು. ಔಷಧವನ್ನು ಯಾರು ಕೊಡುತ್ತಾರೆ, ಎಂಥ ತರಬೇತಿ ಪಡೆದವರು, ತಪ್ಪಾದರೆ ಯಾರಿಗೆ ತಿಳಿಸುತ್ತಾರೆ ಎಂಬ ಮಾತುಗಳು ಆ ವಚನದಲ್ಲಿ ಸೇರಿರಬೇಕು.

ಐದನೆಯದು ಸಮ್ಮತಿ. ಇಲ್ಲಿಯೇ ಇಡುಮದ್ದಿನ ನೆನಪು ಬರುತ್ತದೆ. ಮಾತ್ರೆ ಬೇಡವೆನ್ನುವ ವೃದ್ಧರಿಗೆ ಅದನ್ನು ಬಾಳೆಹಣ್ಣಿನಲ್ಲಿಯೋ ಮೊಸರನ್ನದಲ್ಲಿಯೋ ಮರೆಮಾಡಿ ಕೊಡುವುದು ಎಷ್ಟೋ ಮನೆಗಳಲ್ಲಿ ರೂಢಿ. ಕೊಡುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬುದ್ಧಿ ಸ್ಪಷ್ಟವಾಗಿರುವ ವಯಸ್ಕರಿಗೆ ಔಷಧ ಬೇಡವೆನ್ನುವ ಹಕ್ಕಿದೆ. ವಯಸ್ಸು ಎಂಬತ್ತಾದ ಮಾತ್ರಕ್ಕೆ ಆ ಹಕ್ಕು ತೀರಿಹೋಗುವುದಿಲ್ಲ. ಮರೆವಿನಿಂದ ತಿಳಿವು ಕಳೆದವರ ವಿಷಯದಲ್ಲಿ ಹಾಗೆ ಕೊಡಲೇಬೇಕಾದ ಸಂದರ್ಭ ಬರಬಹುದು. ಆಗ ಅದು ವೈದ್ಯರೂ ಮನೆಯವರೂ ಕುಳಿತು ಯೋಚಿಸಿ, ಕಾರಣವನ್ನು ಬರೆದಿಟ್ಟು ಮಾಡಿದ ತೀರ್ಮಾನವಾಗಿರಬೇಕು. ಅಡಿಗೆಮನೆಯಲ್ಲಿ ಒಬ್ಬರು ತೋಚಿದಂತೆ ಮಾಡಿದ ಉಪಾಯವಾಗಿರಬಾರದು.

ನಿದ್ರೆಯ ಮಾತ್ರೆಯ ವಿಷಯವಂತೂ ಇನ್ನೂ ಗಂಭೀರವಾದದ್ದು. ಮಾನಸಿಕ ಅಸ್ವಸ್ಥರನ್ನು ಇರಿಸಿಕೊಂಡು ಪಾಲಿಸುವ ಸಂಸ್ಥೆಗಳಿಗೆ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ನೋಂದಣಿಯನ್ನು ವಿಧಿಸಿದೆ. ಸಿಬ್ಬಂದಿ ಕಡಿಮೆಯೆಂಬ ಕಾರಣಕ್ಕೆ ಯಾರನ್ನೂ ಕಟ್ಟಿಹಾಕಕೂಡದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕಾಯಿದೆಯ ಆ ಮಾತು ಹಗ್ಗವನ್ನು ಕುರಿತದ್ದು ನಿಜ. ಆದರೆ ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬಳನ್ನೇ ನಿಲ್ಲಿಸಿ, ಹನ್ನೆರಡು ಜನ ವೃದ್ಧರನ್ನು ಮಾತ್ರೆಯಿಂದ ಮಲಗಿಸಿದರೆ ಅದೂ ಕಟ್ಟಿಹಾಕಿದಂತೆಯೇ ಅಲ್ಲವೆ? ಹಗ್ಗವಾದರೆ ನೋಡಬಂದವರ ಕಣ್ಣಿಗೆ ಬೀಳುತ್ತದೆ. ಮಾತ್ರೆ ಬೀಳುವುದಿಲ್ಲ. ಅಜ್ಜಿ ನೆಮ್ಮದಿಯಾಗಿ ಮಲಗಿದ್ದಾರೆಂದು ನಾವು ಸಂತೋಷದಿಂದ ಹಿಂದಿರುಗುತ್ತೇವೆ. ನಾನು ಹಾಗೆಯೇ ಎರಡು ಭಾನುವಾರ ಹಿಂದಿರುಗಿದೆ.

ಆರನೆಯದು ಬರಹ. ಕೊಟ್ಟದ್ದನ್ನು ಕೊಟ್ಟಾಗಲೇ ಬರೆಯಬೇಕು. ಕೊಡದಿದ್ದರೆ ಏಕೆ ಕೊಡಲಿಲ್ಲವೆಂಬುದನ್ನೂ ಬರೆಯಬೇಕು. ವಾರದ ಕೊನೆಗೆ ಕುಳಿತು ಏಳು ದಿನಗಳ ಸಹಿಗಳನ್ನೂ ಒಂದೇ ಲೇಖನಿಯಿಂದ ತುಂಬಿಸಿದ ಪುಸ್ತಕ ಸಾಕ್ಷಿಪೆಟ್ಟಿಗೆಯಲ್ಲಿ ಒಂದು ನಿಮಿಷವೂ ನಿಲ್ಲಲಾರದು. ಬರಹವಿಲ್ಲದಿದ್ದಲ್ಲಿ ಪ್ರಾಮಾಣಿಕವಾಗಿ ದುಡಿದ ದಾದಿ ಕೂಡ ತನ್ನ ಪ್ರಾಮಾಣಿಕತೆಯನ್ನು ತೋರಿಸಲಾರಳು. ಆದ್ದರಿಂದ ಆ ಪುಸ್ತಕ ಅವಳಿಗೆ ಭಾರವಲ್ಲ, ರಕ್ಷೆ.

ಇದೆಲ್ಲ ನಮ್ಮ ದೇಶದ ಬಡತನದಿಂದಾಗುವ ತಪ್ಪುಗಳೆಂದು ಯಾರೂ ತಿಳಿಯಬಾರದು. ೨೦೦೯ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಐವತ್ತೈದು ಪಾಲನಾಗೃಹಗಳ ೨೫೬ ವೃದ್ಧರ ಔಷಧಗಳನ್ನು ವಿದ್ವಾಂಸರು ಪರಿಶೀಲಿಸಿದರು. ಸರಾಸರಿ ಒಬ್ಬೊಬ್ಬರಿಗೆ ಎಂಟು ಔಷಧಗಳಿದ್ದವು. ಹತ್ತರಲ್ಲಿ ಏಳು ಜನರ ವಿಷಯದಲ್ಲಿ, ಬರೆಯುವುದರಲ್ಲಿಯೋ ಅಂಗಡಿಯಿಂದ ಕೊಡುವುದರಲ್ಲಿಯೋ ಸೇವಿಸಲು ಕೊಡುವುದರಲ್ಲಿಯೋ ಆಮೇಲೆ ಪರೀಕ್ಷಿಸುವುದರಲ್ಲಿಯೋ ಒಂದಾದರೂ ತಪ್ಪು ಕಂಡುಬಂತು. ತಪಾಸಣೆಯ ಇಲಾಖೆ, ಅಚ್ಚುಹಾಕಿದ ನಮೂನೆಗಳು, ತರಬೇತಿ ಎಲ್ಲವೂ ಇರುವ ದೇಶದ ಸ್ಥಿತಿ ಇದು. ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ 'ಹಾನಿಯಿಲ್ಲದ ಔಷಧೋಪಚಾರ' ಎಂಬ ಜಾಗತಿಕ ಕಾರ್ಯಕ್ರಮವನ್ನೇ ಆರಂಭಿಸಬೇಕಾಯಿತು. ತಪ್ಪು ಕೆಟ್ಟವರಿಂದ ಮಾತ್ರ ಆಗುವುದಿಲ್ಲ. ದಣಿದವರಿಂದ, ತಿಳಿಯದವರಿಂದ, ಕೇಳಲು ಹೆದರುವವರಿಂದ ಹೆಚ್ಚಾಗಿ ಆಗುತ್ತದೆ.

ನಮ್ಮ ದಂಡಿನ ಕಡೆ ಇದಕ್ಕೊಂದು ವಿಶೇಷ ತೊಡಕು ಸೇರಿಕೊಳ್ಳುತ್ತದೆ, ಅದು ಭಾಷೆಯದು. ಚೀಟಿ ಇಂಗ್ಲಿಷಿನಲ್ಲಿರುತ್ತದೆ. ವೃದ್ಧರು ಶಿವಾಜಿನಗರದವರಾದರೆ ಉರ್ದು, ಹಲಸೂರಿನವರಾದರೆ ತಮಿಳು, ಕೃಷ್ಣರಾಜಪುರದವರಾದರೆ ತೆಲುಗೋ ಕನ್ನಡವೋ ಮಾತಾಡುತ್ತಾರೆ. ನೋಡಿಕೊಳ್ಳುವ ಹುಡುಗಿ ಅಸ್ಸಾಮಿನವಳು, ಒಡಿಶಾದವಳು ಅಥವಾ ಝಾರ್ಖಂಡದವಳು. ಒಂದು ಮಾತ್ರೆ ಇಷ್ಟು ಭಾಷೆಗಳನ್ನು ದಾಟಿ ಬಾಯಿಗೆ ತಲುಪಬೇಕು. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಒಂದು ಹಾಳೆಯ ಮೇಲೆ ವೃದ್ಧರ ಭಾವಚಿತ್ರ, ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರು, ಅದು ಏತಕ್ಕೆ, ಯಾವ ವೇಳೆಗೆ, ಎಷ್ಟು ಎಂಬುದನ್ನು ಕೊಡುವವಳು ಓದಬಲ್ಲ ಲಿಪಿಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಬೇಕು. ಸೂರ್ಯನ ಚಿತ್ರ ಬರೆದರೆ ಬೆಳಗ್ಗೆ, ಚಂದ್ರನದಾದರೆ ರಾತ್ರಿ. ಔಷಧದ ಮೂಲ ಹೆಸರನ್ನು ಬರೆಯುವ ಈ ಒಂದು ಪದ್ಧತಿ ಇದ್ದಿದ್ದರೆ ನಮ್ಮ ಅತ್ತೆಯ ಎರಡು ಮಾತ್ರೆಗಳೂ ಒಂದೇ ಎಂಬುದು ಮೊದಲ ದಿನವೇ ಗೊತ್ತಾಗುತ್ತಿತ್ತು.

ಕಡೆಯದಾಗಿ ಉಳಿದ ಔಷಧ. ವೃದ್ಧರು ತೀರಿಕೊಂಡಾಗ ಅಥವಾ ವೈದ್ಯರು ಔಷಧವನ್ನು ಬದಲಾಯಿಸಿದಾಗ ಉಳಿಯುವ ಮಾತ್ರೆಗಳು ಇನ್ನೊಬ್ಬರ ಡಬ್ಬಿಗೆ ಜಾರುವುದು ಬಹಳ ಸುಲಭ. ಅವುಗಳನ್ನು ಅಂದೇ ಬೇರೆಮಾಡಿ, ಎಣಿಸಿ, ಬರೆದಿಡಬೇಕು. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳಂತೆ ಅವಧಿ ಮುಗಿದ ಔಷಧ ಹಳದಿ ಚೀಲಕ್ಕೂ, ಬಳಸಿದ ಸೂಜಿ ಚುಚ್ಚಲಾಗದ ಬಿಳಿಯ ಡಬ್ಬಿಗೂ ಹೋಗಬೇಕು. ಬೀದಿಯ ಕಸದ ಗಾಡಿಗಲ್ಲ.

ಇಷ್ಟೂ ಹೊಣೆಯನ್ನು ಪಾಲನಾಗೃಹದ ತಲೆಗೆ ಕಟ್ಟಿ ಮಕ್ಕಳೂ ಬಂಧುಗಳೂ ಸುಮ್ಮನಿರಬಹುದೆ? ಇರುವಂತಿಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಬಂದ ಕಾಯಿದೆ, ಪೋಷಣೆಯೆಂದರೆ ಅನ್ನ ಬಟ್ಟೆ ವಸತಿ ಮಾತ್ರವಲ್ಲ, ವೈದ್ಯಕೀಯ ಆರೈಕೆಯೂ ಹೌದು ಎನ್ನುತ್ತದೆ. ಹಿರಿಯರನ್ನು ತೊರೆದುಬಿಡುವುದನ್ನು ಅದೇ ಕಾಯಿದೆ ಅಪರಾಧವೆಂದು ಎಣಿಸಿದೆ. ತಿಂಗಳಿಗೊಮ್ಮೆ ಹಣ ಕಳುಹಿಸಿದ ಮಾತ್ರಕ್ಕೆ ಆ ಕರ್ತವ್ಯ ಮುಗಿದಂತಲ್ಲ. ಸೇರಿಸುವಾಗ ಇತ್ತೀಚಿನ ಚೀಟಿಯೊಂದನ್ನೇ ಕೊಡಿ. ಹಳೆಯ ಮಾತ್ರೆಗಳನ್ನು ಕೊಡಬೇಡಿ. ಆಯುರ್ವೇದದ ಲೇಹ್ಯವೇ ಇರಲಿ, ಹೋಮಿಯೋಪತಿಯ ಗುಳಿಗೆಯೇ ಇರಲಿ, ಎಲ್ಲವನ್ನೂ ಪಟ್ಟಿಯಲ್ಲಿ ಬರೆಯಿಸಿ. ಯಾವ ಔಷಧ ಮೈಗೆ ಒಗ್ಗುವುದಿಲ್ಲವೋ ಅದನ್ನು ಕೆಂಪು ಶಾಯಿಯಲ್ಲಿ ಬರೆಯಿಸಿ. ನೋಡಲು ಹೋದಾಗ ಹಣ್ಣಿನ ಬುಟ್ಟಿಯ ಜೊತೆಗೆ ಐದು ನಿಮಿಷದ ವೇಳೆಯನ್ನೂ ಕೊಂಡೊಯ್ದು ಔಷಧದ ಪುಸ್ತಕವನ್ನು ತೋರಿಸಿರೆಂದು ಕೇಳಿ. ಕೇಳಿದರೆ ಬೇಸರಪಡುವ ಮನೆ ಏನನ್ನೋ ಮುಚ್ಚಿಡುತ್ತಿರಬಹುದು. ತೊಂದರೆ ಕಂಡುಬಂದರೆ ಬೆಂಗಳೂರಿನ ಹಿರಿಯರ ಸಹಾಯವಾಣಿ ೧೦೯೦ ಇದೆ. ಇಡೀ ದೇಶಕ್ಕೆ ೧೪೫೬೭ ಇದೆ.

ನಮ್ಮ ಅತ್ತೆಯ ವಿಷಯದಲ್ಲಿ ನಾನು ದಾವೆ ಹೂಡಲಿಲ್ಲ. ಹೂಡಬಹುದಾಗಿತ್ತು, ಹೂಡಬೇಕಾಗಿತ್ತೆಂದು ಮಿತ್ರರು ಈಗಲೂ ಹೇಳುತ್ತಾರೆ. ಆದರೆ ಆ ಮೊಕದ್ದಮೆಯಲ್ಲಿ ನನ್ನ ಪ್ಲಾಸ್ಟಿಕ್ ಚೀಲವೂ ಒಂದು ಸಾಕ್ಷ್ಯವಾಗಿ ಮೇಜಿನ ಮೇಲೆ ಬರಬೇಕಾಗುತ್ತಿತ್ತು. ಅದರ ಬದಲು ಮನೆಯ ಒಡೆಯರೊಂದಿಗೆ ಕುಳಿತು ಎರಡು ಸಂಜೆ ಮಾತಾಡಿದೆ. ಬೀರುವಿಗೆ ಬೀಗ ಬಂತು. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಬಂತು. ತಿಂಗಳಿಗೊಮ್ಮೆ ವೈದ್ಯರೊಬ್ಬರು ಬಂದು ಪ್ರತಿಯೊಂದು ಚೀಟಿಯನ್ನೂ ನೋಡುವ ಏರ್ಪಾಡಾಯಿತು. ರಾತ್ರಿಯ ಪಾಳಿಗೆ ಇನ್ನೊಬ್ಬಳು ಸೇರಿದಳು. ಚೀಟಿಯಿಲ್ಲದ ನಿದ್ರೆಯ ಮಾತ್ರೆಯೆಲ್ಲ ಬೀರುವಿನಿಂದ ಹೊರಗೆ ಹೋಯಿತು. ಮೊದಲ ಕೆಲವು ರಾತ್ರಿ ಮನೆಯಲ್ಲಿ ಗದ್ದಲವಾಯಿತಂತೆ. ಆಮೇಲೆ ತಿಳಿದುಬಂದುದೇನೆಂದರೆ, ಕೂಗಾಡುತ್ತಿದ್ದವರಲ್ಲಿ ಒಬ್ಬರಿಗೆ ಬೇಕಾಗಿದ್ದುದು ಮಾತ್ರೆಯಲ್ಲ, ಇನ್ನೊಂದು ಹೊದಿಕೆ.

ಅತ್ತೆ ಈಗ ಕೋಲೂರಿ ನಡೆಯುತ್ತಾರೆ. ಕಳೆದ ಭಾನುವಾರ ಹೋದಾಗ ಅದೇ ಅಸ್ಸಾಮಿನ ಹುಡುಗಿ ಹಾಳೆಯನ್ನು ನೋಡಿಕೊಂಡು ಮಾತ್ರೆ ತಂದಳು. ಅತ್ತೆ ಕೈ ಚಾಚಲಿಲ್ಲ. ಇದು ಯಾವುದಕ್ಕೆ ಹೇಳು ಎಂದರು. ಬಿ.ಪಿ.ಗೆ ಅಜ್ಜಿ, ಒಂದೇ, ದಿನಾ ಒಂದೇ ಎಂದು ಹುಡುಗಿ ತಾನು ಕಲಿತ ಕನ್ನಡದಲ್ಲಿ ಹೇಳಿದಳು. ಅತ್ತೆ ಮಾತ್ರೆ ನುಂಗಿ ನೀರು ಕುಡಿದು ನನ್ನ ಕಡೆ ತಿರುಗಿ, ಈಗ ಏನು ನುಂಗುತ್ತಿದ್ದೇನೆ ಅಂತ ನನಗೂ ಗೊತ್ತು ಕಣೋ ಎಂದರು. ಹುಡುಗಿ ಪುಸ್ತಕದಲ್ಲಿ ವೇಳೆ ಬರೆದು ಸಹಿ ಹಾಕಿ ಬೀರುವಿಗೆ ಬೀಗ ಹಾಕಿದಳು.